ಡಬ್ಬಿ ನೋಡಿ ಲ್ಯಾಪ್‌ಟಾಪ್ ತಗೊಳ್ಳಬೇಡಿ, ನಾನು ತಗೊಂಡು ಕೂತಿದ್ದೇನೆ

ಕಲಬುರಗಿಯಲ್ಲಿ ಯಾರಾದರೂ 'ಓಪನ್ ಬಾಕ್ಸ್' ಮ್ಯಾಕ್‌ಬುಕ್, ಅಂದರೆ ಒಬ್ಬರು ಡಬ್ಬಿ ತೆರೆದು ವಾಪಸ್ ಕೊಟ್ಟ ಆಪಲ್ ಲ್ಯಾಪ್‌ಟಾಪ್, ತಗೊಳ್ಳಲು ಹೊರಟಿದ್ದರೆ ಮೊದಲು ಇದನ್ನು ಓದಿ, ಆಮೇಲೆ ಹೋಗಿ. 61,000 ರೂಪಾಯಿ ಕೊಟ್ಟಿದ್ದೇನೆ. ನಗದು. ಲ್ಯಾಪ್‌ಟಾಪ್ ನಮ್ಮ ಮನೆಯಲ್ಲೇ ಇದೆ, ಆದರೆ ನನ್ನದಲ್ಲ. ಬೆಂಗಳೂರಿನ ಯಾವುದೋ ಕಂಪನಿಯದು. ಹಾಗಂತ ಅದೇ ಪರದೆ ಮೇಲೆ ಬರೆದು ತೋರಿಸುತ್ತಿದೆ.

ನಾಚಿಕೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವನು. ಮಕ್ಕಳಿಗೆ ಪಾಸ್‌ವರ್ಡ್ ಹೇಗಿಡಬೇಕು, ಮೋಸದ ಲಿಂಕ್ ಹೇಗೆ ಗುರುತಿಸಬೇಕು ಅಂತ ಬೋರ್ಡಿನ ಮೇಲೆ ಬರೆದು ಹೇಳಿದವನು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಇದನ್ನು ಇನ್ನೂ ಯಾರಿಗೂ ಹೇಳಿಲ್ಲ.

ದಿನಾ ಕಲಬುರಗಿಯಿಂದ ಶಹಾಬಾದ್‌ಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹಳೆಯ ಲ್ಯಾಪ್‌ಟಾಪ್ ಎರಡೂವರೆ ಕೆಜಿ, ಚಾರ್ಜರ್ ಬೇರೆ ಇಟ್ಟಿಗೆಯಷ್ಟು. ಭುಜ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋದ ಮೇಲೆ ಹಗುರದ್ದು ತಗೊಳ್ಳೋಣ ಅನ್ನಿಸಿತು. ಮ್ಯಾಕ್‌ಬುಕ್ ಏರ್ ಎಂ2 ಮೇಲೆ ಕಣ್ಣು ಬಿತ್ತು. 2022ರ ಮಾಡೆಲ್, 1.24 ಕೆಜಿ, ದಪ್ಪ 11.3 ಮಿಲಿಮೀಟರ್. ಬಂದಾಗ ಅದರ ಬೆಲೆ 1,19,900 ರೂಪಾಯಿ ಇತ್ತು. ನನ್ನ ಸಂಬಳಕ್ಕೆ ಅದು ಆಗದ ಮಾತು.

ಸೂಪರ್ ಮಾರ್ಕೆಟ್ ಕಡೆ ಒಂದು ಗಲ್ಲಿಯಲ್ಲಿ ಅಂಗಡಿ. ಹೆಸರು ಬರೆಯುವುದಿಲ್ಲ. ಬರೆದರೆ ಮಾನಹಾನಿ ಅಂತ ನನ್ನ ಮೇಲೇ ಬರುತ್ತಾನೆ, ಅಷ್ಟು ಮಾತುಗಾರ ಅವನು. "ಸರ, ಓಪನ್ ಬಾಕ್ಸ್ ಅದರಿ. ಒಬ್ರು ತಗೊಂಡು ಹತ್ತು ದಿನಕ್ಕ ವಾಪಸ್ ಕೊಟ್ಟಾರ. ಹೊಸಾದೇ ಅನ್ಕೋರಿ" ಅಂದ. ಕೈಯಲ್ಲಿ ಕೊಟ್ಟ. ಕಡಕ್ ರೊಟ್ಟಿ ಹಿಡಿದ ಹಾಗಿತ್ತು, ಅಷ್ಟು ಹಗುರ. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಅಲ್ಲೇ ನಾನು ಅರ್ಧ ಮುಳುಗಿದೆ.

ಉಳಿದ ಅರ್ಧ ಮುಳುಗಿದ್ದು ಹೇಗೆ ಅಂತ ಕೇಳಿ. ವಾರಂಟಿ ಇದೆಯಾ ಅಂತ ಕೇಳಿದೆ. ಅವನು ಒಂದು ಕ್ಷಣವೂ ತಡವರಿಸಲಿಲ್ಲ. ಡಬ್ಬಿ ತಿರುಗಿಸಿ ಸೀರಿಯಲ್ ನಂಬರ್ ತೋರಿಸಿದ. ನನ್ನ ಫೋನಿನಲ್ಲೇ, ಹೌದು ನನ್ನ ಫೋನಿನಲ್ಲೇ, ಆಪಲ್‌ನ ಅಸಲಿ ವೆಬ್‌ಸೈಟ್ ತೆಗೆಸಿ ಆ ನಂಬರ್ ಹಾಕಿಸಿದ. ಇನ್ನೂ ಎಂಟು ತಿಂಗಳು ವಾರಂಟಿ ಅಂತ ಬಂತು. "ನೋಡ್ರಿ ಸರ, ನಾನು ಹೇಳಾಕತ್ತಿಲ್ಲ, ಆಪಲ್‌ನವ್ರೇ ಹೇಳಾಕತ್ತಾರ" ಅಂದ. ಇದಕ್ಕಿಂತ ಪುರಾವೆ ಏನು ಬೇಕು ಅನ್ನಿಸಿತು.

ಬೇಕಾಗಿತ್ತು. ಲ್ಯಾಪ್‌ಟಾಪ್ ಮಗುಚಿ ನೋಡಬೇಕಾಗಿತ್ತು. ಅದರ ತಳದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಅದರದ್ದೇ ಸೀರಿಯಲ್ ನಂಬರ್ ಇರುತ್ತದೆ. ಡಬ್ಬಿಯದೇ ಬೇರೆ, ಮೆಷಿನ್‌ದೇ ಬೇರೆ. ಡಬ್ಬಿ ಯಾರದೋ ಹೊಸ ಲ್ಯಾಪ್‌ಟಾಪಿನದು. ವಾರಂಟಿ ಇದ್ದದ್ದು ಡಬ್ಬಿಗೆ!

ಬಿಲ್ ಕೇಳಿದೆ. "ಪಕ್ಕಾ ಬಿಲ್ ಬೇಕಂದ್ರ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಹತ್ತತದ. ಸುಮ್ನ ಸರ್ಕಾರಕ್ಕ ಯಾಕ ಕೊಡ್ತೀರಿ" ಅಂದ. ಹನ್ನೊಂದು ಸಾವಿರ ಉಳಿಯಿತು ಅಂತ ನಾನೂ ಖುಷಿಪಟ್ಟೆ. ಬಿಳಿ ಚೀಟಿಯ ಮೇಲೆ 'ಲ್ಯಾಪ್‌ಟಾಪ್ 1, 61,000' ಅಂತ ಬರೆದುಕೊಟ್ಟ. ಸೀಲಿಲ್ಲ, ಸಹಿ ಇಲ್ಲ. ಆ ಚೀಟಿ ಈಗಲೂ ಪರ್ಸಿನಲ್ಲಿದೆ, ತೆಗೆದು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಮೊದಲ ಹದಿನೈದು ದಿನ ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ಬ್ಯಾಗಿನಲ್ಲಿ ಇದೆಯೋ ಇಲ್ಲವೋ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ತೊಡೆ ಮೇಲಿಟ್ಟು ಪ್ರಶ್ನೆಪತ್ರಿಕೆ ಟೈಪ್ ಮಾಡಿದೆ. ಇದರಲ್ಲಿ ಫ್ಯಾನೇ ಇಲ್ಲ, ಸದ್ದೂ ಇಲ್ಲ. ನಮ್ಮ ಮೇ ತಿಂಗಳ ಬಿಸಿಲಿಗೆ ಮಾತ್ರ ಬಿಸಿಯಾಗಿ ನಿಧಾನ ಆಗುತ್ತದೆ, ಅದು ಮೋಸ ಅಲ್ಲ, ಫ್ಯಾನ್ ಇಲ್ಲದ್ದರ ಗುಣ. ಕರೆಂಟ್ ಹೋದರೂ ಚಿಂತೆ ಇರಲಿಲ್ಲ. ಮನೆಯವಳು "ಇದು ಲ್ಯಾಪ್‌ಟಾಪ್ ಏನ್ರಿ, ನೋಟ್‌ಬುಕ್ ಹಂಗ ಅದಲಾ" ಅಂತ ಅಕ್ಕಪಕ್ಕದವರಿಗೂ ತೋರಿಸಿದಳು. ಈಗ ಅವರೆಲ್ಲ "ಹ್ಯಾಂಗದ ಲ್ಯಾಪ್‌ಟಾಪ್?" ಅಂತ ಕೇಳುತ್ತಾರೆ.

ಆಗಾಗ ಮೇಲೆ ಬಲಗಡೆ ಮೂಲೆಯಲ್ಲಿ ಒಂದು ಸಂದೇಶ ಬರುತ್ತಿತ್ತು. ಯಾವುದೋ ಕಂಪನಿ ಹೆಸರು, ನಿಮ್ಮ ಮ್ಯಾಕ್ ಅನ್ನು ಅವರು ಕಾನ್ಫಿಗರ್ ಮಾಡಬಹುದು, ಅಂದರೆ ತಮಗೆ ಬೇಕಾದ ಹಾಗೆ ಹೊಂದಿಸಬಹುದು ಅಂತ. ಅಂಗಡಿಯವನಿಗೆ ಫೋಟೋ ಕಳಿಸಿ ಇದೇನಪ್ಪ ಅಂತ ಕೇಳಿದೆ. ಉತ್ತರ ಬಂತು: "ಸರ ಅದು ಅಡ್ವಟೈಸ್ ಅದರಿ. ಕ್ಲೋಸ್ ಮಾಡ್ರಿ."

ಅಡ್ವಟೈಸ್! ನಾನು ಹೌದು ಅಂದುಕೊಂಡು ಕ್ಲೋಸ್ ಮಾಡಿದೆ. ಒಂದು ಸಲ ಅಲ್ಲ, ದಿನಾ ಮಾಡಿದೆ. ಕಂಪ್ಯೂಟರ್ ಮಾಸ್ತರ್.

ಒಂದು ಭಾನುವಾರ ರಾತ್ರಿ, ಅಂಗಡಿಯವನು ಮಾಡಿಕೊಟ್ಟ 'ಯೂಸರ್' ಅನ್ನೋ ಖಾತೆ ಬೇಡ, ನನ್ನ ಹೆಸರಿನಲ್ಲಿ ಶುರು ಮಾಡೋಣ ಅಂತ ಎಲ್ಲ ಅಳಿಸಿದೆ. ಮತ್ತೆ ಚಾಲೂ ಆಯಿತು. ಭಾಷೆ ಕೇಳಿತು, ವೈಫೈ ಕೇಳಿತು. ವೈಫೈ ಹಚ್ಚಿದ್ದೇ ತಡ, 'ರಿಮೋಟ್ ಮ್ಯಾನೇಜ್‌ಮೆಂಟ್' ಅಂತ ಪರದೆ ಬಂತು. ಕೆಳಗೆ ಅದೇ 'ಅಡ್ವಟೈಸ್' ಕಂಪನಿಯ ಹೆಸರು. ನಮ್ಮ ಕಂಪನಿಯ ಲಾಗಿನ್ ಹಾಕಿ ಅಂತ. ಹಿಂದೆ ಹೋದರೂ ಅದೇ, ಬಂದ್ ಮಾಡಿ ಚಾಲೂ ಮಾಡಿದರೂ ಅದೇ. ರಾತ್ರಿ ಎರಡರ ತನಕ ಅದೇ ಪರದೆ ನೋಡುತ್ತಾ ಕೂತಿದ್ದೆ.

ಆಮೇಲೆ ಓದಿ ತಿಳಿದದ್ದು. ಕಂಪನಿಗಳು ನೌಕರರಿಗೆ ಕೊಡಲು ಮ್ಯಾಕ್ ಕೊಂಡಾಗ ಅವುಗಳ ಸೀರಿಯಲ್ ನಂಬರ್ ಆಪಲ್‌ನಲ್ಲಿ ಕಂಪನಿ ಹೆಸರಿಗೆ ನೋಂದಣಿ ಆಗಿರುತ್ತದೆ. ಮೆಷಿನ್ ಪೂರ್ತಿ ಅಳಿಸಿದರೂ ನೆಟ್ ಸಿಕ್ಕ ಕೂಡಲೇ ಆಪಲ್‌ನ ಸರ್ವರ್ ಇದು ಇಂಥವರದು ಅಂತ ಹೇಳುತ್ತದೆ. ಕಂಪನಿಯವರೇ ತಮ್ಮ ಪಟ್ಟಿಯಿಂದ ಬಿಟ್ಟುಕೊಡುವ ತನಕ ಅದು ಹೋಗುವುದಿಲ್ಲ. ಅಂಗಡಿಯವನು ಏನೋ ಕೈಚಳಕ ಮಾಡಿ ಆ ಪರದೆ ದಾಟಿಸಿಟ್ಟಿದ್ದ.

ಬೆಳಗ್ಗೆ ಕಾಲೇಜಿಗೆ ರಜೆ ಹಾಕಿ ಅಂಗಡಿಗೆ ಹೋದೆ. ಅವನ ಉತ್ತರಗಳು ಒಂದೊಂದೂ ನೆನಪಿವೆ.

"ಯಾರ್ ಹೇಳಿದ್ರು ಸರ ಫಾರ್ಮ್ಯಾಟ್ ಮಾಡಂತ? ಬರೋಬರಿ ನಡದಿತ್ತಲಾ." ತಪ್ಪು ನನ್ನದಾಯಿತು.

"ಇದು ಸಾಫ್ಟ್‌ವೇರ್ ಪ್ರಾಬ್ಲಂ. ಮೂರುವರೆ ಸಾವಿರ ಕೊಡ್ರಿ, ಹುಡುಗ ಮಾಡಿ ಕೊಡ್ತಾನ." ಮತ್ತೆ ರೊಕ್ಕ!

ಡಬ್ಬಿ ನಂಬರ್ ಬೇರೆ, ಮೆಷಿನ್ ನಂಬರ್ ಬೇರೆ ಅಂತ ತೋರಿಸಿದೆ. ಮೊದಲ ಸಲ ಸುಮ್ಮನಾದ. ಆಮೇಲೆ, "ಗೋಡೌನ್‌ದಾಗ ಹುಡುಗ್ರು ಅದಲು ಬದಲು ಮಾಡಿರ್ಬೇಕು" ಅಂದ. ಯಾವ ಗೋಡೌನ್? ಅಂಗಡಿಯೇ ನಮ್ಮ ಅಡುಗೆಮನೆಯಷ್ಟಿದೆ.

ಕೊನೆಗೆ, ಗಿರಾಕಿಗಳ ಎದುರಿಗೇ: "ಸರ, ನೀವೇ ಕಂಪ್ಯೂಟರ್ ಮಾಸ್ತರ್ ಇದ್ದೀರಿ. ನೋಡೇ ತಗೊಂಡೀರಲ್ಲ?" ಪಕ್ಕದಲ್ಲಿ ನಿಂತ ಹುಡುಗ ನಕ್ಕ. 61,000ಕ್ಕಿಂತ ಆ ನಗೆ ಜಾಸ್ತಿ ಚುಚ್ಚಿತು, ನಿಜ ಹೇಳುತ್ತೇನೆ.

ಬೆಂಗಳೂರಿನ ಆ ಕಂಪನಿಗೂ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು. ಬಿಲ್ ಕಳಿಸಿ, ನೋಡುತ್ತೇವೆ ಅಂದರು. ಬಿಲ್! ಚೀಟಿಯ ಫೋಟೋ ಕಳಿಸಿದೆ. ಮತ್ತೆ ಫೋನ್ ಎತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ, ಆ ಚೀಟಿ ಹಾಗಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದ ತನಕ ಶುಲ್ಕ ಇಲ್ಲ, ಅಲ್ಲಿಗೂ ಹೋಗುತ್ತೇನೆ. ಆದರೆ ವಕೀಲ ಗೆಳೆಯನೂ ಕೇಳಿದ ಮೊದಲ ಪ್ರಶ್ನೆ ಅದೇ, ಬಿಲ್ ಎಲ್ಲಿ.

ತಗೊಳ್ಳಲೇಬೇಕು ಅಂದರೆ ಡಬ್ಬಿ ಆಚೆ ಇಡಿ. ತಳದ ನಂಬರ್, ಪರದೆಯ ಆಪಲ್ ಮೆನುವಿನಲ್ಲಿ ಬರುವ 'ಅಬೌಟ್ ದಿಸ್ ಮ್ಯಾಕ್' ಒಳಗಿನ ನಂಬರ್, ಎರಡನ್ನೂ ನೋಡಿ ಅದನ್ನೇ ವೆಬ್‌ಸೈಟಿನಲ್ಲಿ ಹಾಕಿ. ಬ್ಯಾಟರಿಯ ಸೈಕಲ್ ಕೌಂಟ್, ಅಂದರೆ ಪೂರ್ತಿ ಚಾರ್ಜ್‌ನಷ್ಟು ಎಷ್ಟು ಸಲ ಖರ್ಚಾಗಿದೆ ಅನ್ನೋ ಲೆಕ್ಕ, ನೋಡಿ. ಈ ಬ್ಯಾಟರಿಗೆ ಲೆಕ್ಕ 1,000 ಸೈಕಲ್. 'ಹತ್ತು ದಿನ' ಬಳಸಿದ ನನ್ನದರಲ್ಲಿ 387 ಇತ್ತು, ಆ ಮೊದಲ ವಾರವೇ ನೋಡಿದ್ದರೆ ಸಾಕಿತ್ತು. ಎಲ್ಲಕ್ಕಿಂತ ಮುಖ್ಯ, ರೊಕ್ಕ ಕೊಡುವ ಮೊದಲು ಅವರ ಎದುರಿಗೇ ಪೂರ್ತಿ ಅಳಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಹೊಸದಾಗಿ ಶುರು ಮಾಡಿಸಿ. "ಟೈಮ್ ಇಲ್ರಿ ಸರ" ಅಂದರೆ ಎದ್ದು ಬನ್ನಿ. ಪಕ್ಕಾ ಬಿಲ್ ಇಲ್ಲದಿದ್ದರೂ ಎದ್ದು ಬನ್ನಿ.

ಮೊನ್ನೆ ಅವನೇ ಫೋನ್ ಮಾಡಿದ. 1915ರಿಂದ ಏನಾದರೂ ಹೋಯಿತೋ ಏನೋ, ದನಿ ಮೆತ್ತಗಿತ್ತು. "ಹೋಗ್ಲಿ ಬಿಡ್ರಿ ಸರ, ಪಾರ್ಟ್ಸ್ ರೇಟಿಗೆ ವಾಪಸ್ ತಗೋತೀನಿ. ಹದಿನೆಂಟು ಸಾವಿರ ಕೊಡ್ತೀನಿ" ಅಂದ. ನಾನು ಬಾಯಿಗೆ ಬಂದದ್ದು ಬೈದೆ. ಎಲ್ಲ ಕೇಳಿಸಿಕೊಂಡು ಇಡುವ ಮೊದಲು ಒಂದು ಮಾತು ಹೇಳಿದ: "ಬರೂಮುಂದ ಡಬ್ಬಿ ಮರೀಬ್ಯಾಡ್ರಿ. ಡಬ್ಬಿ ಇಲ್ಲಂದ್ರ ಆಗಂಗಿಲ್ಲ."

ಡಬ್ಬಿ ನಮ್ಮ ಅಲ್ಮಾರಿ ಮೇಲಿದೆ. ಅದರ ವಾರಂಟಿ ಇನ್ನೂ ನಾಲ್ಕು ತಿಂಗಳಿದೆ. ಕೊಡುವುದಿಲ್ಲ.