ಲೇಡೆ: ಎರಡು ಗಂಟೆಯ ದೋಣಿ ಸುತ್ತು ಬಿಡಿ, ಹಳ್ಳಿಗೆ ಇಳಿಯಿರಿ

ಜರ್ಮನಿಯ ಲ್ಯೂಬೆನೌ ಪಟ್ಟಣದ ದೋಣಿಕಟ್ಟೆಯಲ್ಲಿ ಎರಡು ಗಂಟೆಯ ಸುತ್ತು, ಮೂರು ಗಂಟೆಯ ಸುತ್ತು, ಇಡೀ ದಿನದ ಸುತ್ತು ಎಂದು ಬೋರ್ಡು ಹಾಕಿರುತ್ತಾರೆ. ಬರ್ಲಿನ್‌ನಲ್ಲಿ ಕೆಲಸಕ್ಕಿರುವ ಮಗನನ್ನೋ ಮಗಳನ್ನೋ ನೋಡಲು ದಾವಣಗೆರೆಯಿಂದ ಹೋದ ಹಿರಿಯರಿಗೆ ಎರಡು ಗಂಟೆಯದೇ ಸಾಕು ಅನ್ನಿಸುವುದು ಸಹಜ. ಆದರೆ ಅದರಲ್ಲಿ ಸಿಗುವುದು ನೀರು, ಮರ, ನೆರಳು ಅಷ್ಟೆ. ನೋಡಬೇಕಾದದ್ದು ಅಲ್ಲಿಂದ ಎರಡು ಕಿಲೋಮೀಟರ್ ದೂರದ ಲೇಡೆ ಎಂಬ ಹಳ್ಳಿ, ಜರ್ಮನಿಯೊಳಗೇ ಬೇರೆ ಭಾಷೆಯುಳ್ಳ ಸೋರ್ಬಿಯನ್ ಎಂಬ ಜನರದ್ದು. ಅದನ್ನು ನೋಡಲು ಕೆಳಗೆ ಇಳಿಯಲೇಬೇಕು.

ಹರಿಹರದಲ್ಲಿ ತುಂಗಭದ್ರೆಯನ್ನು ನೋಡಿ ಬೆಳೆದವರಿಗೆ ಹೊಳೆ ಎಂದರೆ ಎರಡು ದಡ, ನಡುವೆ ಒಂದು ಹರಿವು. ಸ್ಪ್ರೇ ನದಿ ಇಲ್ಲಿ ಹಾಗಿಲ್ಲ. ಚೆಕ್ ಗಡಿಯ ಹತ್ತಿರದ ಗುಡ್ಡಗಳಲ್ಲಿ ಹುಟ್ಟಿ ಸುಮಾರು 400 ಕಿ.ಮೀ. ಹರಿದು ಬರ್ಲಿನ್‌ನಲ್ಲಿ ಹಾಫೆಲ್ ನದಿಯನ್ನು ಸೇರುವ ಈ ನದಿಗೆ ಲ್ಯೂಬೆನೌ ಸುತ್ತಮುತ್ತ ಇಳಿಜಾರೇ ಇಲ್ಲವೆನ್ನುವಷ್ಟು ಕಡಿಮೆ. ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಹಾಸಿಹೋದ ಮರಳು ಬಯಲು ಅದು. ಗದ್ದೆಗೆ ಬಿಟ್ಟ ನೀರಿನಂತೆ ನದಿ ಹರಡಿಕೊಂಡು ನೂರಾರು ಕವಲಾಗಿದೆ; ಜನ ಮೇಲಿಂದ ಇನ್ನಷ್ಟು ಕಾಲುವೆ ತೋಡಿದ್ದಾರೆ. ಈ ಪ್ರದೇಶಕ್ಕೆ ಸ್ಪ್ರೇವಾಲ್ಡ್ ಎಂದು ಹೆಸರು. ಜೌಗಿನ ನಡುವೆ ಸ್ವಲ್ಪ ಎದ್ದುನಿಂತ ಮರಳು ದಿಬ್ಬಗಳೇ ಮನೆ ಕಟ್ಟಲು ಸಿಕ್ಕ ಒಣ ನೆಲ. ಹಾಗಾಗಿ ಲೇಡೆಯಲ್ಲಿ ಒಂದೊಂದು ಮನೆಯೂ ಒಂದೊಂದು ನಡುಗಡ್ಡೆ. ಕಾಲುಸೇತುವೆಗಳು ಎತ್ತರಕ್ಕೆ ಬಾಗಿರುವುದು ಅಂದಕ್ಕಲ್ಲ, ಕೆಳಗೆ ಹುಲ್ಲು ತುಂಬಿದ ದೋಣಿ ಹಾಯಲೆಂದು.

ಈ ಹಳ್ಳಿಗೆ ರಸ್ತೆ ಬಂದದ್ದು 1929ರಲ್ಲಿ. ಅಲ್ಲಿಯವರೆಗೆ ದನ, ಮೇವು, ಮದುವೆಯ ದಿಬ್ಬಣ, ಶವಪೆಟ್ಟಿಗೆ ಎಲ್ಲಕ್ಕೂ ದೋಣಿಯೇ. ಗಟ್ಟಿ ಚಳಿಯಲ್ಲಿ ಮಂಜುಗಡ್ಡೆಯ ಮೇಲೆ ಓಡಾಡಬಹುದಿತ್ತು. ಕಷ್ಟವಿದ್ದದ್ದು ಗಡ್ಡೆ ತೆಳುವಾಗಿದ್ದ ದಿನಗಳಲ್ಲಿ: ದೋಣಿಯೂ ಹೋಗದು, ಕಾಲೂ ಇಡಲಾಗದು. ಅಂಚೆ 1897ರಿಂದ ದೋಣಿಯಲ್ಲಿ ಬರುತ್ತಿದೆ. ಈಗಲೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಳದಿ ದೋಣಿಯೊಂದು ಮನೆ ಮನೆಗೆ ಟಪಾಲು ಹಂಚುತ್ತದೆ.

ದೋಣಿಯ ಬಗ್ಗೆ ಹೇಳುವುದಾದರೆ ಸೇವೆ ಅಚ್ಚುಕಟ್ಟು. ತಳ ಚಪ್ಪಟೆ, ಉದ್ದ ಸುಮಾರು ಒಂಬತ್ತು ಮೀಟರ್, ಅಗಲ ಎರಡು ಮೀಟರಿಗೂ ಒಳಗೆ. ಮೊದಲು ಮರದ್ದಿತ್ತು, ಈಗ ಹೆಚ್ಚಿನವು ಅಲ್ಯೂಮಿನಿಯಂ. ಮೋಟಾರ್ ಇಲ್ಲ. ಅಂಬಿಗ ಹಿಂಬದಿಯಲ್ಲಿ ನಿಂತು ಸುಮಾರು ನಾಲ್ಕು ಮೀಟರ್ ಉದ್ದದ ಮರದ ಗಳವನ್ನು ತಳಕ್ಕೆ ಊರಿ ತಳ್ಳುತ್ತಾನೆ. ತಳ್ಳುವುದೂ ತಿರುಗಿಸುವುದೂ ಅದೊಂದರಿಂದಲೇ. ನಮ್ಮ ಹರಿಗೋಲು ತಿರುಗುತ್ತ ಸಾಗಿದರೆ ಇದು ಗೆರೆ ಎಳೆದಂತೆ ನೇರ ಹೋಗುತ್ತದೆ. ಹತ್ತುವಾಗ ಒಬ್ಬೊಬ್ಬರಾಗಿ ನಡುಭಾಗದಲ್ಲಿ ಕಾಲಿಡಬೇಕು. ಅಂಚು ಮೆಟ್ಟಿದರೆ ದೋಣಿ ವಾಲುತ್ತದೆ. ಹಲವು ದೋಣಿಗಳು ಜನ ತುಂಬಿದ ಮೇಲೆಯೇ ಹೊರಡುವುದರಿಂದ ವಾರದ ನಡುವೆ ಸ್ವಲ್ಪ ಕಾಯಬೇಕಾದೀತು. ಒಳಗೆ ಶೌಚಾಲಯವಿಲ್ಲ, ಮಂಡಿನೋವಿನವರು ಇದನ್ನೂ ತಗ್ಗಿನ ಬೆಂಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಜೂನ್–ಜುಲೈನಲ್ಲಿ ಸೊಳ್ಳೆ ಕಾಟ ಜೋರು. ಟಿಕೆಟ್ಟಿಗೂ ಭಕ್ಷೀಸಿಗೂ ನಗದು ಇಟ್ಟುಕೊಳ್ಳಿ.

ಮೂರು ಗಂಟೆಯ ಸುತ್ತಿನಲ್ಲಿ ಲೇಡೆಯಲ್ಲಿ ಇಳಿಸುತ್ತಾರೆ ನಿಜ, ಆದರೆ ಆ ಬಿಡುವಿನಲ್ಲಿ ಊಟ ಮಾಡಿದರೆ ಮ್ಯೂಸಿಯಂ ಇಲ್ಲ, ಮ್ಯೂಸಿಯಂ ನೋಡಿದರೆ ಊಟವಿಲ್ಲ. ಇದಕ್ಕೆ ಸುಲಭ ದಾರಿಯಿದೆ. ಬರ್ಲಿನ್‌ನಿಂದ ಕಾಟ್‌ಬುಸ್ ಕಡೆಯ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆಗೆ ಲ್ಯೂಬೆನೌ ತಲುಪಿ, ಬೆಳಿಗ್ಗೆ ತಂಪು ಹೊತ್ತಿನಲ್ಲಿ ಲೇಡೆಗೆ ನಡೆದೇ ಹೋಗಿ. ದಾರಿ ಸಮತಟ್ಟು. ಮ್ಯೂಸಿಯಂಗೆ ಎರಡು ಗಂಟೆ ಕೊಡಿ. ಮಧ್ಯಾಹ್ನ ಲೇಡೆಯ ಚಿಕ್ಕ ಕಟ್ಟೆಯಿಂದಲೇ ದೋಣಿ ಹತ್ತಿ.

ಮ್ಯೂಸಿಯಂಗೆ ಪೂರ್ತಿ ಅಂಕ. 1957ರಲ್ಲಿ ತೆರೆದ ಈ ಬಯಲು ಸಂಗ್ರಹಾಲಯಕ್ಕೆ ಬೇರೆ ಬೇರೆ ಹಳ್ಳಿಗಳ ಹಳೆಯ ರೈತಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಗೋಡೆ ಮರದ ದಿಮ್ಮಿಗಳದ್ದು, ಮಾಡಿಗೆ ಜೊಂಡಿನ ಹೊದಿಕೆ, ಮಾಡಿನ ತುದಿಯಲ್ಲಿ ಅಡ್ಡಹಾಯ್ದ ಎರಡು ಹಾವಿನ ತಲೆ. ಹಾವು ಮನೆಗೆ ಒಳಿತು ತರುತ್ತದೆಂಬ ನಂಬಿಕೆ ಅವರದು. ನಾಗರಪಂಚಮಿಗೆ ಹಾಲೆರೆಯುವವರಿಗೆ ಇದು ಹೊಸತೇನಲ್ಲ. ಇಡೀ ಮನೆಯವರು ಒಟ್ಟಿಗೆ ಮಲಗುತ್ತಿದ್ದ ದೊಡ್ಡ ಮಂಚವನ್ನೂ ದೋಣಿ ಕಟ್ಟುವ ಕೊಟ್ಟಿಗೆಯನ್ನೂ ಬಿಡಬೇಡಿ. ಹೊರಗೆ ಹುಲ್ಲಿನ ಬಣವೆ ಕಂಬದ ಸುತ್ತ, ನೆಲದಿಂದ ಮೇಲೆ ಒಟ್ಟಿರುವುದನ್ನು ಗಮನಿಸಿ: ನೀರು ಏರಿದರೂ ಮೇವು ಕೊಳೆಯಬಾರದು.

ಅಂಕ ಕಡಿಯುವುದು ಭಾಷೆಯ ವಿಷಯಕ್ಕೆ. ಸೋರ್ಬಿಯನ್ನರು ಸ್ಲಾವ್ ಜನ. 6–7ನೇ ಶತಮಾನದ ಹೊತ್ತಿಗೆ ಇಲ್ಲಿ ನೆಲೆಸಿದವರು, 10ನೇ ಶತಮಾನದಲ್ಲಿ ಜರ್ಮನ್ ದೊರೆಗಳ ಕೈಕೆಳಗೆ ಬಂದವರು. ಇಂದು ಸುಮಾರು 60,000 ಮಂದಿ ಎಂಬ ಅಂದಾಜಿದೆ. ಭಾಷೆ ಎರಡು ಬಗೆ: ದಕ್ಷಿಣದ ಸ್ಯಾಕ್ಸನಿಯದ್ದು ಚೆಕ್‌ಗೆ ಹತ್ತಿರ, ಈ ಕಡೆಯ ಕೆಳ ಸೋರ್ಬಿಯನ್ ಪೋಲಿಷ್‌ಗೆ ಹತ್ತಿರ. ಅವರ ಒಕ್ಕೂಟ ದೊಮೊವಿನಾ 1912ರಲ್ಲಿ ಹುಟ್ಟಿತು. 1937ರಲ್ಲಿ ನಾಜಿಗಳು ಅದರ ಬಾಯಿ ಮುಚ್ಚಿಸಿದರು. ಕೆಳ ಸೋರ್ಬಿಯನ್ ಮನೆಮಾತಾಗಿ ಉಳಿದಿರುವುದು ಹೆಚ್ಚಾಗಿ ಮುದುಕರಲ್ಲಿ. ಊರಿನ ಬೋರ್ಡುಗಳು ಎರಡು ಭಾಷೆಯಲ್ಲಿವೆ, ಆದರೆ ದೋಣಿಯ ವಿವರಣೆ ಜರ್ಮನ್‌ನಲ್ಲೇ ನಡೆಯುತ್ತದೆ. ಇಂಗ್ಲಿಷ್ ಬೇಕಿದ್ದರೆ ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಆ ಜನರ ನೀರಿನಲ್ಲಿ ಸಾಗುತ್ತ ಆ ಜನರ ಮಾತನ್ನು ನಾಲ್ಕು ವಾಕ್ಯವಾದರೂ ಕೇಳಿಸಬಾರದೇ?

ಊಟಕ್ಕೆ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ. ಬೇಯಿಸಿದ ಆಲೂಗಡ್ಡೆ, ಕ್ವಾರ್ಕ್ ಎಂಬ ನೀರು ಬಸಿದ ಗಟ್ಟಿ ಮೊಸರಿನಂಥದ್ದು, ಮೇಲೆ ಅಗಸೆ ಎಣ್ಣೆ: ಇದೇ ಇಲ್ಲಿನ ಮನೆಯೂಟ. ಅಗಸಿ ಚಟ್ನಿಪುಡಿ ಉಂಡ ನಾಲಿಗೆಗೆ ಕೂಡಲೇ ಒಗ್ಗುತ್ತದೆ. ಆದರೆ ದಡದ ಅಂಗಡಿಗಳಲ್ಲಿ ರೊಟ್ಟಿಗೆ ಸವರಿ ಕೊಡುವ ಬಿಳಿ ಪದಾರ್ಥವನ್ನು ಬೆಣ್ಣೆ ಅಂದುಕೊಳ್ಳಬೇಡಿ. ಅದು ಶ್ಮಾಲ್ಟ್ಸ್, ಸಾಮಾನ್ಯವಾಗಿ ಹಂದಿಯ ಕೊಬ್ಬು. ಬೆಣ್ಣೆದೋಸೆ ಊರಿನವರು ಇಲ್ಲಿ ಕೇಳಿಯೇ ತಿನ್ನಬೇಕು.

ಇನ್ನು ಮಿಡಿಸೌತೆ. ನಮ್ಮ ದಾವಣಗೆರೆ, ಹಾವೇರಿ ಸೀಮೆಯಲ್ಲಿ ಕಂಪನಿಗಳ ಜೊತೆ ಕರಾರು ಮಾಡಿಕೊಂಡು ರಫ್ತಿಗೆ ಮಿಡಿಸೌತೆ ಬೆಳೆಯುವ ರೈತರು ಈ ಭಾಗವನ್ನು ಕಣ್ಣಿಟ್ಟು ನೋಡಬೇಕು. ‘ಸ್ಪ್ರೇವಾಲ್ಡ್ ಸೌತೆ’ಗೆ 1999ರಿಂದ ಯುರೋಪಿನಲ್ಲಿ ಭೌಗೋಳಿಕ ಹೆಸರಿನ ರಕ್ಷಣೆಯಿದೆ. ಪೂರ್ತಿ ಬೇರೆ ಕಡೆಯ ಕಾಯಿಯನ್ನೇ ತುಂಬಿ ಆ ಹೆಸರಿನಲ್ಲಿ ಮಾರುವಂತಿಲ್ಲ. ನಮ್ಮ ಕಾಯಿ ಪೀಪಾಯಿಯಲ್ಲಿ ಹೆಸರಿಲ್ಲದೆ ಹೋಗುತ್ತದೆ, ಅವರದು ಊರಿನ ಹೆಸರು ಹೊತ್ತು ಕೂರುತ್ತದೆ. ಬೆಲೆಯ ಅಂತರಕ್ಕೆ ಇದೂ ಒಂದು ಕಾರಣ. ಕೊಳ್ಳುವಾಗ ಎರಡು ಬಗೆ ಬೇರೆಯೆಂದು ತಿಳಿದಿರಲಿ: ಒಂದು ವಿನೆಗರ್, ಸಬ್ಬಸಿಗೆ, ಮಸಾಲೆ ಹಾಕಿದ್ದು, ಬೇಗ ಕೆಡದು. ಇನ್ನೊಂದು ಬರಿ ಉಪ್ಪುನೀರಿನಲ್ಲಿ ತಾನೇ ಹುಳಿಬಂದದ್ದು; ರುಚಿ ಇದರದ್ದೇ ಹೆಚ್ಚು, ಆದರೆ ಪೀಪಾಯಿಯಿಂದ ತೆಗೆದದ್ದನ್ನು ಅಲ್ಲೇ ತಿಂದು ಮುಗಿಸಿ. ಊರಿಗೆ ತರುವುದು ಮುಚ್ಚಿದ ಬಾಟಲಿಯಾದರೆ ಚೆಕ್-ಇನ್ ಲಗೇಜಿಗೇ ಹಾಕಿ, ಕೈಚೀಲದಲ್ಲಿದ್ದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಡಬಹುದು. ಅಗಸೆ ಎಣ್ಣೆಯಂತೂ ಚಿಕ್ಕ ಶೀಶೆ ಸಾಕು: ಬಿಸಿಲಿಗೂ ಗಾಳಿಗೂ ಬೇಗ ಕಹಿಯಾಗುತ್ತದೆ, ಫ್ರಿಜ್ಜಿನಲ್ಲಿಟ್ಟು ಕೆಲವೇ ವಾರಗಳಲ್ಲಿ ಮುಗಿಸಬೇಕು, ಒಗ್ಗರಣೆಗೆ ಬಳಸಬಾರದು.