ಅಗ್ರಹಾರದ ಬೈಂಡಿಂಗ್ ಅಂಗಡಿಯಲ್ಲಿ ಕೃಷ್ಣ ಅಯ್ಯರ್ ಕಡತ

ಮೈಸೂರಿನಲ್ಲಿ ವಕೀಲರಾಗಿದ್ದ ನಮ್ಮ ತಂದೆಯವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಬಗ್ಗೆ ಕೂಡಿಟ್ಟಿದ್ದ ಪತ್ರಿಕೆಯ ತುಣುಕುಗಳನ್ನೂ ತೀರ್ಪಿನ ಪ್ರತಿಗಳನ್ನೂ ಅಗ್ರಹಾರದ ಒಂದು ಹಳೆಯ ಬೈಂಡಿಂಗ್ ಅಂಗಡಿಗೆ ಕೊಟ್ಟಿದ್ದೆ. ಶಾಸಕರಾಗಿದ್ದ ಕಾಲದ ಕಾಗದಗಳು ಒಂದು ಸಂಪುಟವಾಗಲಿ, ನ್ಯಾಯಮೂರ್ತಿಯಾದ ಮೇಲಿನವು ಇನ್ನೊಂದಾಗಲಿ ಎಂದು ನಾನು ಹೇಳಿದಾಗ, ಯಜಮಾನರು ಮೊದಲ ಕಟ್ಟನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ, "ಇದಕ್ಕೆ ಬೆನ್ನು ನಿಲ್ಲೋದಿಲ್ಲ ಸಾರ್, ಎರಡನ್ನೂ ಸೇರಿಸಿಯೇ ಹೊಲಿಯೋಣ" ಎಂದರು.

ಅವರ ಸಲಹೆ ಸರಿಯಾಗಿತ್ತು; ಒಂದೇ ಸಂಪುಟವಾಗಿ ಓದಿದಾಗಲೇ ಕೃಷ್ಣ ಅಯ್ಯರ್ ಅವರ ಬದುಕಿನ ಕೊಂಡಿಗಳು ನನಗೆ ಕಂಡವು. 1952ರಲ್ಲಿ ಮದರಾಸು ವಿಧಾನಸಭೆಗೆ ಆಯ್ಕೆಯಾಗಿ, 1957ರಲ್ಲಿ ಇ. ಎಂ. ಎಸ್. ನಂಬೂದಿರಿಪಾಡ್ ಅವರ ಕೇರಳ ಮಂತ್ರಿಮಂಡಲದಲ್ಲಿ ಗೃಹ, ಕಾನೂನು, ಕಾರಾಗೃಹ ಮೊದಲಾದ ಖಾತೆಗಳನ್ನು ಹೊತ್ತು, 1959ರಲ್ಲಿ ಆ ಸರ್ಕಾರ ವಜಾ ಆದ ಮೇಲೆ ವಕೀಲಿಕೆಗೆ ಮರಳಿದ ಅವರು, 1968ರಲ್ಲಿ ಕೇರಳ ಹೈಕೋರ್ಟಿಗೂ 1973ರಲ್ಲಿ ಸುಪ್ರೀಂ ಕೋರ್ಟಿಗೂ ನ್ಯಾಯಮೂರ್ತಿಯಾಗಿ ಬಂದರು. ತಿಹಾರ್ ಜೈಲಿನ ಕೈದಿಯೊಬ್ಬ, ಇನ್ನೊಬ್ಬ ಕೈದಿ ಅನುಭವಿಸಿದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಪ್ರಕರಣದಲ್ಲಿ 1979ರ ತೀರ್ಪನ್ನು ಬರೆದವರು, ಒಂದು ಕಾಲಕ್ಕೆ ಜೈಲುಗಳ ಆಡಳಿತವನ್ನೇ ನೋಡಿಕೊಂಡಿದ್ದ ಮಂತ್ರಿ ಎಂಬುದು ಹಾಳೆ ತಿರುವುತ್ತಿದ್ದಂತೆ ತಾನಾಗಿ ತಿಳಿಯುತ್ತದೆ.

ಕೆಲಸ ಗಟ್ಟಿಯಾಗಿದೆ. ಪಿನ್ನು ಹೊಡೆಯದೆ ದಾರದಲ್ಲಿ ಹೊಲಿದಿದ್ದಾರೆ, ಹುಳು ಹತ್ತದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ್ದಾರೆ. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 'ಉದ್ಯಮ' ಎಂಬ ಪದದ ಅರ್ಥವನ್ನು ವಿಸ್ತರಿಸಿದ 1978ರ ತೀರ್ಪಿನ ಹಾಳೆಗಳು ಮಡಿಕೆಯಲ್ಲೇ ಹರಿದಿದ್ದವು. ಅವುಗಳ ಹಿಂದೆ ತೆಳು ಕಾಗದ ಅಂಟಿಸಿ, ಒಂದಕ್ಷರವೂ ಮುಚ್ಚದಂತೆ ಉಳಿಸಿಕೊಟ್ಟಿದ್ದಾರೆ. ಒಂದು ವಾರವೆಂದವರು ಮೂರು ವಾರ ತೆಗೆದುಕೊಂಡರು. ಆರು ನೂರು ರೂಪಾಯಿ ಹೆಚ್ಚೆನಿಸಲಿಲ್ಲ.

ಒಂದು ತಪ್ಪು ಮಾತ್ರ ಮನಸ್ಸಿಗೆ ನಾಟಿದೆ. ಜೈಲಿನ ತೀರ್ಪಿನ ಅಂಚಿನಲ್ಲಿ ತಂದೆಯವರು ಪೆನ್ಸಿಲಿನಲ್ಲಿ '1948' ಎಂದಷ್ಟೇ ಬರೆದಿದ್ದರು. ಕೃಷ್ಣ ಅಯ್ಯರ್ ಅವರು ಕಮ್ಯುನಿಸ್ಟರಿಗೆ ನೆರವಾದರೆಂಬ ಆರೋಪದ ಮೇಲೆ ತಾವೇ ಒಂದು ತಿಂಗಳು ಸೆರೆಯಲ್ಲಿದ್ದ ವರ್ಷ ಅದು. ಅಂಚು ಸಮ ಮಾಡುವಾಗ ಕತ್ತರಿಸುವ ಯಂತ್ರಕ್ಕೆ '48' ಸಿಕ್ಕಿ ಹೋಗಿ, ಈಗ '19' ಮಾತ್ರ ಉಳಿದಿದೆ. ಯಜಮಾನರು ನೊಂದುಕೊಂಡರು, ಕಸದ ಚೀಲದಲ್ಲಿ ಹುಡುಕಿಯೂ ನೋಡಿದರು. ಕೈಬರಹವಿರುವ ಕಾಗದಗಳನ್ನು ಕೊಡುವವರು ಅಂಚು ಕತ್ತರಿಸಬಾರದೆಂದು ಮೊದಲೇ ಚೀಟಿ ಬರೆದು ಕಟ್ಟಿನ ಮೇಲೆ ಅಂಟಿಸುವುದು ಒಳ್ಳೆಯದು. ನಾನು ಹಾಗೆ ಮಾಡಿಯೇ ತಂದೆಯವರ ಉಳಿದ ಎರಡು ಕಟ್ಟುಗಳನ್ನು ಅದೇ ಅಂಗಡಿಗೆ ಕೊಟ್ಟು ಬಂದಿದ್ದೇನೆ.