ಲಾರಿಯಲ್ಲಿ ಎರಡು ವರ್ಷ ಟೆಂಪರೇಚರ್ ಗನ್: ಇಂಜಿನ್ ಹೆಡ್ ಇಳಿಸುವುದು ತಪ್ಪಿತು

ಎರಡು ವರ್ಷದ ಹಿಂದೆ 1,400 ರೂಪಾಯಿ ಕೊಟ್ಟು ತಗೊಂಡ ಟೆಂಪರೇಚರ್ ಗನ್ ಇದು. ಕೈಗೆ ಬಿಸಿ ತಾಗಿಸಿಕೊಳ್ಳದೆ, ದೂರದಿಂದಲೇ ಯಾವ ಜಾಗ ಎಷ್ಟು ಡಿಗ್ರಿ ಇದೆ ಅಂತ ತೋರಿಸುತ್ತದೆ. ತಗೊಂಡ ಕಾರಣ ಹೇಳಿದರೆ ಇದರ ಉಪಯೋಗ ತಾನಾಗಿಯೇ ಅರ್ಥವಾಗುತ್ತದೆ.

ನನ್ನದು ಹಳೆಯ ಆರು ಚಕ್ರದ ಗಾಡಿ. ಪಣಂಬೂರಿನಲ್ಲಿ ಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಬರುತ್ತೇನೆ. ಇಂಜಿನ್ ಬಿಸಿ ಕಳೆಯುವ ರೇಡಿಯೇಟರ್ ಸೋರುತ್ತಿತ್ತು, ಇಳಿಸಿ ರಿಪೇರಿ ಮಾಡಿಸಿದೆ. ಜೊತೆಗೆ ವಾಟರ್ ಪಂಪ್, ಮೇಲಿನ ಕೆಳಗಿನ ಪೈಪು, ಇಂಜಿನ್ ತಣ್ಣಗಿಡುವ ದ್ರವ ಅಂದರೆ ಕೂಲೆಂಟ್, ಎಲ್ಲ ಹೊಸದು. ಸೋರುವುದು ನಿಂತಿತು. ಆದರೆ ಗುಂಡ್ಯ ದಾಟಿ ಏರು ಶುರುವಾಯಿತು ಅಂದರೆ ಹೀಟ್ ಮೀಟರಿನ ಮುಳ್ಳು ಕೆಂಪಿನ ಕಡೆ ಹೊರಡುತ್ತಿತ್ತು. ಖಾಲಿ ಗಾಡಿಯಲ್ಲಿ, ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ.

ಮೊದಲು ಕೂಲೆಂಟ್ ಹರಿಯುವ ದಾರಿಯಲ್ಲಿ ಏರ್ ಹಿಡಿದಿರಬೇಕು ಅಂದುಕೊಂಡೆ. ಕೂಲೆಂಟ್ ಬದಲಿಸಿದ ಮೇಲೆ ಅದು ಸಾಮಾನ್ಯ. ಗಾಡಿಯ ಮೂತಿ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಇಂಜಿನ್ ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು, ಐಡಲಿಂಗ್‌ನಲ್ಲಿ ಬಿಟ್ಟೆ. ಗುಳ್ಳೆ ಬಂದವು, ಇನ್ನೂ ಎರಡು ಲೀಟರ್ ಕೂಲೆಂಟ್ ಹಿಡಿಯಿತು. ಆಮೇಲೆ ಗುಳ್ಳೆ ಪೂರ್ತಿ ನಿಂತವು. ಆದರೂ ಮುಂದಿನ ಟ್ರಿಪ್ಪಿನಲ್ಲಿ ಅದೇ ಕಥೆ.

"ಅಣ್ಣಾ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೆಡ್ ಇಳಿಸ್ಲೇಬೇಕು" ಅಂದರು ಮೆಕ್ಯಾನಿಕ್. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಗ್ಯಾಸ್ಕೆಟ್ ಅಂದರೆ ಅದರ ಕೆಳಗೆ ಸೋರದಂತೆ ಕೂರಿಸುವ ಹಾಳೆ. ನನಗೆ ಮನಸ್ಸು ಒಪ್ಪಲಿಲ್ಲ. ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಕಾಣುವ ಲಕ್ಷಣ ಇರಲಿಲ್ಲ: ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ, ಬಿಳಿ ಹೊಗೆ ಇರಲಿಲ್ಲ, ಕೂಲೆಂಟ್ ಕಮ್ಮಿ ಆಗುತ್ತಿರಲಿಲ್ಲ. ಹೆಡ್ ಇಳಿಸಿದರೆ ಖರ್ಚು ಎಷ್ಟು, ಗಾಡಿ ಎಷ್ಟು ದಿನ ನಿಲ್ಲುತ್ತೆ, ಲಾರಿ ಇಟ್ಟವರಿಗೆ ಗೊತ್ತಲ್ವಾ?

ಆಗ ಈ ಗನ್ ತಂದೆ. ಲೋಡ್ ಹೊತ್ತು ಏರು ಹತ್ತಿ, ಮಾರನಹಳ್ಳಿ ಹತ್ತಿರ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡದೆ ಹಿಡಿದೆ. ರೇಡಿಯೇಟರಿಗೆ ಬಿಸಿ ಕೂಲೆಂಟ್ ತರುವ ಮೇಲಿನ ಪೈಪು 97 ಡಿಗ್ರಿ, ತಣ್ಣಗಾದದ್ದು ವಾಪಸ್ ಹೋಗುವ ಕೆಳಗಿನದು 66. ಇಷ್ಟು ಅಂತರ ಅಂದರೆ ರೇಡಿಯೇಟರ್ ಒಳಗೆ ಕೂಲೆಂಟ್ ಸಾಕಷ್ಟು ಹರಿಯುತ್ತಿಲ್ಲ ಅಂತ. ಗ್ರಿಲ್ ತೆಗೆದು ರೇಡಿಯೇಟರ್ ಮೈಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಗನ್ ಸರಿಸಿದೆ. 84, 85, 83. ಬಲತುದಿಗೆ ಬಂದಾಗ ಒಮ್ಮೆಲೇ 46! ಒಂದು ಗೇಣಿನಷ್ಟು ಅಗಲ, ಮೇಲಿಂದ ಕೆಳಗಿನವರೆಗೆ ಒಂದು ಪಟ್ಟಿ ಪೂರ್ತಿ ತಣ್ಣಗೆ. ನಾಲ್ಕು ಸಲ ನೋಡಿದೆ. ಅದೇ.

ರೇಡಿಯೇಟರ್ ಇಳಿಸಿ ಟ್ಯಾಂಕ್ ಬಿಚ್ಚಿಸಿದಾಗ ಗೊತ್ತಾಯಿತು. ಮೊದಲು ರಿಪೇರಿ ಮಾಡಿದವರು ಸೋರುತ್ತಿದ್ದ ಟ್ಯೂಬುಗಳನ್ನು ಸರಿ ಮಾಡುವ ಬದಲು ಬೆಸುಗೆ ಹಾಕಿ ಬಾಯಿ ಮುಚ್ಚಿದ್ದರು. ಒಂದೆರಡು ಮುಚ್ಚಿದರೆ ನಡೆಯುತ್ತದೆ, ಸಾಲಿಗೆ ಸಾಲೇ ಮುಚ್ಚಿದರೆ ಘಾಟಿ ಹತ್ತುವ ಗಾಡಿ ತಡೆಯುವುದು ಹೇಗೆ? ನನಗೆ ಒಂದು ಮಾತು ಹೇಳಬಹುದಿತ್ತು. ಹೊಸ ಕೋರ್, ಅಂದರೆ ಟ್ಯೂಬುಗಳಿರುವ ನಡುವಿನ ಭಾಗ, ಹಾಕಿಸಿದೆ. ಈಗ ಅದೇ ಏರಿನಲ್ಲಿ ಮೇಲೆ 91, ಕೆಳಗೆ 80. ಹೆಡ್ ಇವತ್ತಿಗೂ ಬಿಚ್ಚಿಲ್ಲ.

ಆಮೇಲೆ ಗೆಳೆಯನ ಗಾಡಿಗೂ ಹಿಡಿದೆ. ಹೀಟ್ ಆಗುತ್ತದೆ ಅಂತ ಅವನ ಥರ್ಮೋಸ್ಟಾಟನ್ನೇ (ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತು ಹಾಕಿದ್ದರು. ಬೈಪಾಸ್, ಅಂದರೆ ರೇಡಿಯೇಟರ್ ತಪ್ಪಿಸಿ ಹೋಗುವ ದಾರಿ ಇರುವ ಇಂಜಿನ್ನಿನಲ್ಲಿ ಹಾಗೆ ಮಾಡಿದರೆ ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ, ಲೋಡಿನಲ್ಲಿ ಹೀಟ್ ಇನ್ನೂ ಜಾಸ್ತಿ. ಬೈಪಾಸ್ ಪೈಪು ಮೇಲಿನ ಪೈಪಿನಷ್ಟೇ ಸುಡುತ್ತಿತ್ತು. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಸರಿಹೋಯಿತು.

ಕೊರತೆಗಳೂ ಇವೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ನಿಜಕ್ಕಿಂತ ತೀರಾ ಕಮ್ಮಿ ತೋರಿಸುತ್ತದೆ. ಅಂಥ ಕಡೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಹಿಡಿಯುತ್ತೇನೆ. ಕೆಂಪು ಚುಕ್ಕೆ ಗುರಿ ತೋರಿಸಲು ಮಾತ್ರ. ನನ್ನ ಗನ್ 12 ಇಂಚು ದೂರದಿಂದ ಒಂದು ಇಂಚಿನ ವೃತ್ತ ಅಳೆಯುತ್ತದೆ, ಹಾಗಾಗಿ ಹತ್ತಿರ ಹೋಗಲೇಬೇಕು. ಫ್ಯಾನ್ ತಿರುಗುತ್ತಿರುತ್ತದೆ, ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಹೋಗಿ. ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ (ಟರ್ಬೊದಿಂದ ಇಂಜಿನ್ನಿಗೆ ಹೋಗುವ ಗಾಳಿ ತಣ್ಣಗೆ ಮಾಡುವ ಭಾಗ) ಇರುವ ಗಾಡಿಯಲ್ಲಿ ಮುಂಭಾಗದಿಂದ ಹಿಡಿದರೆ ಅದರ ಬಿಸಿಯೇ ಬರುತ್ತದೆ, ರೇಡಿಯೇಟರಿನದ್ದಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬ್ಯಾಟರಿ ಮುಚ್ಚಳದ ಕೊಂಡಿ ಆರೇ ತಿಂಗಳಿಗೆ ಮುರಿಯಿತು, ಅದಕ್ಕೆ ಅರ್ಧ ಕಳೆದೆ. ಈಗ ಅಲ್ಲಿಗೂ ಅದೇ ಕಪ್ಪು ಟೇಪು ಸುತ್ತಿದ್ದೇನೆ.